ಬೆರಳ ತುದಿಯ ಹತ್ತರಿ

ದೊಡ್ಡ ವಸ್ತುವನ್ನು ಚಿಕ್ಕದಾಗಿ ಮಾಡಿ ನೋಡುವ ಆಸೆ ಮಾನವನಿಗೆ ಹೊಸದಲ್ಲ. ಮಗುವಿಗಾಗಿ ಹರಕೆ ಹೊತ್ತ ತಾಯಿ ದೇವರಿಗೆ ಬೆಳ್ಳಿಯ ಪುಟ್ಟ ತೊಟ್ಟಿಲನ್ನು ಒಪ್ಪಿಸುತ್ತಾಳೆ. ನವರಾತ್ರಿಯ ಗೊಂಬೆಗಳ ಮುಂದೆ ಬೆರಳುದ್ದದ ಒರಳು, ಒನಕೆ, ಬೀಸುವ ಕಲ್ಲುಗಳು ಸಾಲುಗೊಳ್ಳುತ್ತವೆ. ಆ ತೊಟ್ಟಿಲಲ್ಲಿ ಯಾವ ಕೂಸೂ ಮಲಗಬೇಕಾಗಿಲ್ಲ. ಆ ಕಲ್ಲಿನಿಂದ ಹಿಟ್ಟು ಉದುರಬೇಕಾಗಿಲ್ಲ. ಆಕಾರವೊಂದಿದ್ದರೆ ಸಾಕು, ಉಳಿದುದನ್ನು ಭಕ್ತಿಯೋ ಕಲ್ಪನೆಯೋ ತುಂಬಿಕೊಡುತ್ತದೆ.

ಆಕಾರದಿಂದಷ್ಟೇ ತೃಪ್ತಿಪಡದ ಕುಶಲಿಗಳೂ ಇದ್ದಾರೆ. ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಹಳೆಯ ಕೈ ಹತಾರಗಳ ಮೇಲಿನ ಮಮತೆಯಿಂದ ಕೆಲವರು ಬಡಗಿಯ ಗರಗಸ, ಉಳಿ, ಹತ್ತರಿಗಳನ್ನು ಬೆಳ್ಳಿ ಬಂಗಾರಗಳಿಂದಲೂ ಉತ್ತಮ ಜಾತಿಯ ಮರಗಳಿಂದಲೂ ಅಂಗೈಯಲ್ಲಿ ಅಡಗುವಷ್ಟು ಕಿರಿದಾಗಿ ನಿರ್ಮಿಸುತ್ತಾರೆ. ಅವರು ತಮಗೆ ತಾವೇ ವಿಧಿಸಿಕೊಂಡಿರುವ ನಿಯಮ ಕಠಿಣವಾದುದು: ಹತಾರ ಎಷ್ಟೇ ಪುಟ್ಟದಾಗಿರಲಿ, ಅದು ಕೆಲಸ ಮಾಡಬೇಕು. ಗರಗಸ ಕೊಯ್ಯಬೇಕು, ತಿರುಪು ತಿರುಗಬೇಕು, ಹತ್ತರಿಯನ್ನು ಮರದ ಮೇಲೆ ನೂಕಿದರೆ ಅದರ ಬಾಯಿಂದ ತೆಳುವಾದ ಸುರುಳಿಯೊಂದು ಏಳಬೇಕು. ಸುರುಳಿ ಏಳದಿದ್ದರೆ ಅದು ಹತ್ತರಿಯಲ್ಲ, ಹತ್ತರಿಯ ಗೊಂಬೆ.

ಕಿರಿದು ಮಾಡುವುದೆಂದರೆ ಎಲ್ಲ ಅಳತೆಗಳನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವುದು ತಾನೆ, ಅದರಲ್ಲೇನು ಕಷ್ಟ ಎಂದು ತೋರಬಹುದು. ಆದರೆ ಪ್ರಕೃತಿ ಈ ಭಾಗಾಕಾರಕ್ಕೆ ಒಪ್ಪುವುದಿಲ್ಲ. ೨೪ ಸೆಂಟಿಮೀಟರು ಉದ್ದ, ೨ ಕಿಲೋಗ್ರಾಂ ತೂಕವಿರುವ ಹತ್ತರಿಯನ್ನು ಎಲ್ಲ ದಿಕ್ಕಿನಲ್ಲಿಯೂ ಕಾಲುಭಾಗಕ್ಕೆ ಇಳಿಸಿದರೆ ಅದರ ಉದ್ದ ೬ ಸೆಂಟಿಮೀಟರಾಗುತ್ತದೆ. ತೂಕವಾದರೋ ಕಾಲುಭಾಗವಲ್ಲ, ೬೪ರಲ್ಲಿ ಒಂದು ಭಾಗ, ಎಂದರೆ ಸುಮಾರು ೩೧ ಗ್ರಾಂ ಮಾತ್ರ ಉಳಿಯುತ್ತದೆ. ಮರದ ಗಂಟು ಎದುರಾದಾಗ ದೊಡ್ಡ ಹತ್ತರಿಯನ್ನು ಮುಂದಕ್ಕೆ ಒಯ್ಯುವುದು ಅದರ ಭಾರ. ಆ ಭಾರವೇ ಇಲ್ಲದ ಕಿರಿಯ ಹತ್ತರಿ ತನ್ನ ಅಲಗಿನ ಹರಿತವನ್ನೇ ನಂಬಿ ಬಾಳಬೇಕು.

ಮರದ ಹಟ ಇನ್ನೂ ದೊಡ್ಡದು. ಹತ್ತರಿ ಕಿರಿದಾದರೂ ಮರದ ಎಳೆ, ರಂಧ್ರಗಳು ಕಿರಿದಾಗುವುದಿಲ್ಲ. ದೊಡ್ಡ ಪೀಠೋಪಕರಣದಲ್ಲಿ ಶೋಭೆ ತರುವ ತೇಗದ ಗೆರೆಗಳು ಎರಡಂಗುಲದ ಹತಾರದಲ್ಲಿ ಹೊಲದ ನೇಗಿಲ ಸಾಲಿನಂತೆ ಒರಟಾಗಿ ಕಾಣುತ್ತವೆ. ಆದಕಾರಣ ಯೂರೋಪಿನ ಬಾಕ್ಸ್‌ವುಡ್, ದಕ್ಷಿಣ ಭಾರತ ಮತ್ತು ಶ್ರೀಲಂಕೆಗಳಲ್ಲಿ ಬೆಳೆಯುವ ಕರಿಮರ ಮುಂತಾದ, ಕಣ್ಣಿಗೆ ಎಳೆಯೇ ಕಾಣದಷ್ಟು ನಯವಾದ ಗಟ್ಟಿಮರಗಳನ್ನು ಆರಿಸಬೇಕಾಗುತ್ತದೆ. ಮರ ಬೆಲೆಯುಳ್ಳದ್ದೆಂದು ಆರಿಸಿದ್ದಲ್ಲ. ಸಾಮಾನ್ಯ ಮರ ಈ ಗಾತ್ರದಲ್ಲಿ ನಿಲ್ಲಲಾರದೆಂದು ಆರಿಸಿದ್ದು.

ಲೋಹದ ಮಾತೂ ಹಾಗೆಯೇ. ಬೆಳ್ಳಿ ಸುಲಭವಾಗಿ ಕರಗುತ್ತದೆ, ಅಚ್ಚಿನ ಸೂಕ್ಷ್ಮ ಮೂಲೆಗಳಿಗೂ ಹರಿಯುತ್ತದೆ. ನಮ್ಮ ಪಂಚಲೋಹದ ವಿಗ್ರಹಗಳಂತೆಯೇ ಇಲ್ಲಿಯೂ ಮೊದಲು ಮೇಣದಲ್ಲಿ ರೂಪ ತಿದ್ದಿ, ಅದರ ಸುತ್ತ ಲೇಪ ಕಟ್ಟಿ, ಮೇಣ ಕರಗಿಹೋದ ಟೊಳ್ಳಿಗೆ ಲೋಹವನ್ನು ಹೊಯ್ಯುತ್ತಾರೆ. ಆರುವಾಗ ಲೋಹ ಕುಗ್ಗುವುದರಿಂದ ಮೇಣದ ರೂಪವನ್ನು ಕೂದಲೆಳೆಯಷ್ಟು ಹಿರಿದಾಗಿಯೇ ಮಾಡಬೇಕು. ಅಪ್ಪಟ ಬೆಳ್ಳಿ ತೀರ ಮೆದು, ನೂರಕ್ಕೆ ೯೨.೫ ಭಾಗ ಬೆಳ್ಳಿಗೆ ಉಳಿದಷ್ಟು ತಾಮ್ರ ಬೆರೆತರೆ ಅದು ಗಟ್ಟಿಗೊಳ್ಳುತ್ತದೆ. ಆದರೆ ಅಲಗಿನ ಸ್ಥಾನದಲ್ಲಿ ಬೆಳ್ಳಿಯೂ ಸಲ್ಲದು, ಬಂಗಾರವೂ ಸಲ್ಲದು. ಅಲ್ಲಿ ಹದಗೊಳಿಸಿದ ಉಕ್ಕೇ ಬೇಕು. ಮೈಯೆಲ್ಲ ಎಷ್ಟೇ ಸಿರಿವಂತವಾಗಿದ್ದರೂ ಕೊಯ್ಯುವ ಕೆಲಸ ಬಡ ಉಕ್ಕಿನದೇ. ಅಲಗು ತೆಳುವಾದ್ದರಿಂದ ಸಾಣೆ ಹಿಡಿಯುವಾಗ ಕ್ಷಣಮಾತ್ರ ಮಿತಿಮೀರಿ ಬಿಸಿಯೇರಿದರೂ ಅದರ ಹದ ಕೆಟ್ಟುಹೋಗುತ್ತದೆ. ದಿನವಿಡೀ ಮಾಡಿದ ಕೆಲಸವನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕು.

ಪುಟ್ಟ ಹತಾರಗಳೆಲ್ಲವೂ ಹವ್ಯಾಸದ ಕೂಸುಗಳೆಂದು ಭಾವಿಸಬಾರದು. ಪಿಟೀಲು ಮಾಡುವ ಕುಶಲಿಗಳು ಒಂದೆರಡು ಅಂಗುಲದ, ತಳ ಉಬ್ಬಿದ ಲೋಹದ ಹತ್ತರಿಗಳನ್ನು ದಿನನಿತ್ಯ ಬಳಸುತ್ತಾರೆ. ಕೆಲವೇ ಮಿಲಿಮೀಟರು ದಪ್ಪದ ಹಲಗೆಯ ಒಳಮೈಯನ್ನು ನಾದಕ್ಕೆ ತಕ್ಕಂತೆ ಕೀಸಲು ದೊಡ್ಡ ಹತ್ತರಿ ಒದಗದು. ೧೭೩೭ರಲ್ಲಿ ತೀರಿಕೊಂಡ ಸ್ಟ್ರಾಡಿವರಿಯ ಅಚ್ಚುಗಳನ್ನೂ ಹತಾರಗಳನ್ನೂ ಇಟಲಿಯ ಕ್ರೆಮೋನ ನಗರದ ಪಿಟೀಲು ಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಕಿರಿತನ ಕೆಲಸದ ಅಗತ್ಯದಿಂದ ಹುಟ್ಟಿದುದು.

ಇನ್ನು ಕೆಲವೆಡೆ ಕಿರಿತನವೇ ಪರೀಕ್ಷೆ. ಫ್ರಾನ್ಸಿನ ಕಸುಬುದಾರರ ಸಂಘಗಳಲ್ಲಿ ಕುಶಲಿಯು ತನ್ನ ನೈಪುಣ್ಯವನ್ನು ತೋರಲು ಉತ್ಕೃಷ್ಟ ಕೃತಿಯೊಂದನ್ನು ರಚಿಸುವ ಸಂಪ್ರದಾಯವಿದೆ. ಸುರುಳಿ ಮೆಟ್ಟಿಲುಗಳೂ ಛಾವಣಿಯ ಕಟ್ಟುಗಳೂ ಮೇಜಿನ ಮೇಲೆ ನಿಲ್ಲುವಷ್ಟು ಕಿರಿದಾಗಿ ಅಲ್ಲಿ ಮೂಡಿವೆ. ೧೯೬೮ರಲ್ಲಿ ತೂರ್ ನಗರದಲ್ಲಿ ತೆರೆದ ಸಂಗ್ರಹಾಲಯ ಇಂಥವುಗಳಿಗೇ ಮೀಸಲು. ರಷ್ಯದ ರಾಜಮನೆತನಕ್ಕಾಗಿ ಫಾಬೆರ್ಜೆಯ ಕಾರ್ಯಾಗಾರ ೧೮೯೭ರಲ್ಲಿ ಸಿದ್ಧಪಡಿಸಿದ ಚಿನ್ನದ ಮೊಟ್ಟೆಯೊಳಗೆ ಹತ್ತು ಸೆಂಟಿಮೀಟರಿಗೂ ಕಡಿಮೆ ಉದ್ದದ ರಾಜರಥವೊಂದಿದೆ. ಅದರ ಗಾಲಿಗಳು ತಿರುಗುತ್ತವೆ, ಬಾಗಿಲು ತೆರೆಯುತ್ತದೆ. ಮೊಟ್ಟೆಯೊಳಗೆ ಬಚ್ಚಿಟ್ಟ ರಥದ ಗಾಲಿ ತಿರುಗದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಮಾಡಿದವನಿಗೆ ತಿಳಿಯುತ್ತಿತ್ತು. ಅಷ್ಟು ಸಾಕಾಗಿತ್ತು.

ಇದರಿಂದೇನು ಪ್ರಯೋಜನವೆಂದು ಸಂಸಾರಸ್ಥರು ಕೇಳಿದರೆ ತಪ್ಪಲ್ಲ. ತಿಂಗಳುಗಟ್ಟಲೆ ಕುಳಿತು ಮಾಡಿದ ಬೆಳ್ಳಿಯ ಹತ್ತರಿಯಿಂದ ಒಂದು ಮಣೆಯೂ ಸಿದ್ಧವಾಗದು. ಆದರೆ ಮೂಲ ಹತಾರಗಳ ಗತಿಯನ್ನೂ ಕಣ್ಣೆತ್ತಿ ನೋಡಬೇಕು. ಹಲಗೆಯ ಅಂಚಿನಲ್ಲಿ ಕಿರುಗಾಲುವೆ ತೋಡಲು ಹತ್ತೊಂಬತ್ತನೆಯ ಶತಮಾನದ ಬಡಗಿಗಳು ಬಳಸುತ್ತಿದ್ದ, ಮರದ ತಿರುಪುಗಳುಳ್ಳ ಸೊಗಸಾದ ಹತ್ತರಿ ಇಂದು ಬಹುಮಟ್ಟಿಗೆ ಸಂಗ್ರಹಕಾರರ ಕಪಾಟು ಸೇರಿದೆ. ಅದರ ಕೆಲಸವನ್ನು ವಿದ್ಯುದ್ಯಂತ್ರ ಅರೆಗಳಿಗೆಯಲ್ಲಿ ಮುಗಿಸುತ್ತದೆ. ಕಪಾಟಿನಲ್ಲಿ ವಸ್ತುವೇನೋ ಉಳಿಯುತ್ತದೆ. ಆದರೆ ಅಲಗು ಯಾವ ಓರೆಯಲ್ಲಿ ಕೂರಬೇಕು, ಬಾಯಿ ಎಷ್ಟು ತೆರೆದಿರಬೇಕು, ಬೆಣೆ ಎಷ್ಟು ಬಿಗಿಯಬೇಕು ಎಂಬ ಅರಿವು ಕಪಾಟಿನಲ್ಲಿ ಉಳಿಯುವುದಿಲ್ಲ. ಅದು ಕೈಯಿಂದ ಕೈಗೆ ದಾಟಬೇಕಾದ ಸೊತ್ತು.

ಆಕಾರವನ್ನಷ್ಟೇ ನಕಲು ಮಾಡುವವನಿಗೆ ಈ ಅರಿವು ಬೇಕಾಗಿಲ್ಲ. ಸುರುಳಿ ಏಳಲೇಬೇಕೆಂದು ಹಟ ತೊಟ್ಟವನಿಗೆ ಅದಿಲ್ಲದೆ ಒಂದು ಹೆಜ್ಜೆಯೂ ಸಾಗದು. ದೊಡ್ಡ ಹತಾರದಲ್ಲಿ ಮರೆಯಾಗುವ ಒಂದು ನೂಲಿನ ದೋಷ ಇಲ್ಲಿ ನಾಲ್ಕು ಪಟ್ಟಾಗಿ ಎದ್ದು ನಿಲ್ಲುವುದರಿಂದ, ಹಳೆಯ ಬಡಗಿ ತಲೆಮಾರುಗಳ ಅಭ್ಯಾಸದಿಂದ ಕಂಡುಕೊಂಡುದನ್ನು ಅವನು ತನ್ನ ಸೋಲುಗಳಿಂದ ಮತ್ತೊಮ್ಮೆ ಕಲಿಯಬೇಕಾಗುತ್ತದೆ. ಬೆಳ್ಳಿಗೂ ಕರಿಮರಕ್ಕೂ ತಕ್ಕಡಿಯಲ್ಲಿ ಬೆಲೆ ಕಟ್ಟಬಹುದು. ಅಂಥ ಹತಾರವನ್ನು ಕೈಗೆತ್ತಿಕೊಂಡವರು ಅದಕ್ಕೆ ಮೊದಲು, ಅಲಗಿನ ಬಾಯಲ್ಲಿ ಸಿಕ್ಕಿಕೊಂಡಿರುವ ಮರದ ಚೂರೇನಾದರೂ ಇದೆಯೇ ಎಂದು ಹುಡುಕಿ ನೋಡಬೇಕು.