ಅಂಡಮಾನಿಗೆ ಹೊರಡುವ ಮುನ್ನ

ಮೈಸೂರು, 12 ಜನವರಿ 2025, ಭಾನುವಾರ

ಬೇಸಿಗೆ ರಜೆಗೆ ಅಂಡಮಾನ್ ಅಂತ ಇವತ್ತು ಗಟ್ಟಿಯಾಯಿತು. ವಾರದಲ್ಲಿ ಓಡಿಬರುವ ಪ್ರವಾಸವಲ್ಲ, ಎರಡು ವಾರಕ್ಕೂ ಮಿಕ್ಕಿ ಅಲ್ಲೇ ಇರುವುದು. ಮಾವ, ಅತ್ತೆ, ನಾವಿಬ್ಬರು, ಮಕ್ಕಳು ಅನಘಾ ಮತ್ತು ವಿನು, ಜೊತೆಗೆ ಮೈದುನನ ಮನೆಯವರು. ನಮ್ಮ ಯಜಮಾನರ ಎಲ್‌ಟಿಸಿ (ರಜೆ ಪ್ರಯಾಣ ರಿಯಾಯಿತಿ) ಬಳಸದೆ ಹಾಗೇ ಉಳಿದಿದೆ. ಕೇಂದ್ರ ಸರ್ಕಾರದ ನೌಕರರು ಊರಿಗೆ ಹೋಗುವ ಎಲ್‌ಟಿಸಿಯ ಬದಲು ಅಂಡಮಾನಿಗೆ ವಿಮಾನದಲ್ಲಿ ಹೋಗಿಬರಬಹುದೆಂಬ ರಿಯಾಯಿತಿ ಇನ್ನೂ ಇದೆ. ಟಿಕೆಟ್ ಮಾತ್ರ ಐಆರ್‌ಸಿಟಿಸಿ, ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್ ಈ ಮೂರರಲ್ಲಿ ಒಂದು ಕಡೆ ತೆಗೆಸಬೇಕು.

ಏಪ್ರಿಲ್ಲೇ ಯಾಕೆ ಅಂತ ಮೈದುನ ಕೇಳಿದ. ಮಕ್ಕಳ ಶಾಲೆ ಒಂದು ಕಾರಣ, ಸಮುದ್ರ ಇನ್ನೊಂದು. ಮುಂಗಾರು ಕೇರಳ ಮುಟ್ಟುವ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಅಂಡಮಾನಿಗೆ ಬಂದಿರುತ್ತದೆ. ಆಮೇಲೆ ಅಲೆಯೂ ಹೆಚ್ಚು, ಹಡಗು ಹೊರಡುವುದೂ ಖಾತ್ರಿಯಿಲ್ಲ. ಅಕ್ಟೋಬರಿಂದ ಡಿಸೆಂಬರ್‌ವರೆಗೆ ಹಿಂಗಾರು. ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕು ತಿಂಗಳೇ ಶಾಂತವಾದ ಕಾಲ. ಅದರ ಕೊನೆಯ ತುದಿ ನಮಗೆ ಸಿಕ್ಕಿದೆ. ಸೆಕೆ ಇರುತ್ತದೆ, ಇರಲಿ.

19 ಜನವರಿ, ಭಾನುವಾರ

ಟ್ರಾವೆಲ್ಸ್‌ನವರೊಬ್ಬರು ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ್ದರು. ಸೆಲ್ಯುಲರ್ ಜೈಲು, ರಾಸ್, ನಾರ್ತ್ ಬೇ, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್, ಚಿಡಿಯಾ ಟಾಪು. ದಿನಕ್ಕೆ ಎರಡು ಮೂರು ಜಾಗ. ಬಾರಾಟಾಂಗ್ ದಿನ ಬೆಳಗಿನ ಜಾವ ಮೂರಕ್ಕೇ ಹೊರಡಬೇಕಂತೆ. ಫೋನಿನಲ್ಲಿ ಅವರು ಬಹಳ ಉತ್ಸಾಹದಿಂದ ಹೇಳಿದ್ದು: "ಮೇಡಂ, ಸುಣ್ಣದ ಕಲ್ಲಿನ ಗುಹೆ ಇದೆ, ಕೆಸರಿನ ಜ್ವಾಲಾಮುಖಿ ಇದೆ. ಅದೃಷ್ಟ ಇದ್ರೆ ದಾರೀಲಿ ಜಾರವಾ ಜನಾನೂ ಕಾಣಿಸ್ತಾರೆ."

ಜಾರವಾ ಎಂದರೆ ಅಲ್ಲಿನ ಕಾಡಿನ ಮೂಲನಿವಾಸಿಗಳು. ಫೋನ್ ಇಟ್ಟ ಮೇಲೂ ಆ ಕೊನೆಯ ಮಾತು ತಲೆಯಿಂದ ಹೋಗಲಿಲ್ಲ. ಬಂಡೀಪುರದ ಸಫಾರಿಯಲ್ಲಿ ಹುಲಿಯ ವಿಷಯಕ್ಕೆ ಹೇಳುವ ಮಾತದು.

26 ಜನವರಿ, ಭಾನುವಾರ

ಧ್ವಜಾರೋಹಣ ಮುಗಿಸಿ ಬಂದ ಮಾವ ಉಪ್ಪಿಟ್ಟು ತಿನ್ನುತ್ತಾ ಸೆಲ್ಯುಲರ್ ಜೈಲಿನ ವಿಷಯ ಎತ್ತಿದರು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು, ಪುಸ್ತಕದಲ್ಲಿ ಓದಿಸಿದ ಜಾಗವನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವರದು. 1896ರಲ್ಲಿ ಶುರುವಾಗಿ 1906ರಲ್ಲಿ ಕಟ್ಟಿ ಮುಗಿದ ಕಟ್ಟಡ. ನಡುವೆ ಕಾವಲು ಗೋಪುರ, ಸುತ್ತ ಏಳು ಸಾಲು. ಒಂದು ಸಾಲಿನ ಮುಂಭಾಗಕ್ಕೆ ಇನ್ನೊಂದು ಸಾಲಿನ ಬೆನ್ನು ಬರುವಂತೆ ಕಟ್ಟಿದ್ದರಿಂದ ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣುತ್ತಿರಲಿಲ್ಲ. ಈಗ ಮೂರೇ ಸಾಲು ಉಳಿದಿವೆ. ಗಾಣಕ್ಕೆ ಎತ್ತಿನ ಬದಲು ಮನುಷ್ಯರನ್ನು ಕಟ್ಟಿದ್ದು, 1933ರ ಉಪವಾಸದಲ್ಲಿ ಮಹಾವೀರ ಸಿಂಗ್, ಮೋಹಿತ ಮೈತ್ರ, ಮೋಹನ ಕಿಶೋರ ನಾಮದಾಸ್ ಪ್ರಾಣ ಬಿಟ್ಟಿದ್ದು, ಎಲ್ಲವನ್ನೂ ಮಕ್ಕಳಿಗೆ ಹೇಳಿದರು. ವಿನು ಉಪ್ಪಿಟ್ಟಿನ ತಟ್ಟೆ ಮರೆತು ಕೂತಿದ್ದ.

ಆಮೇಲೆ ಒಳಗೆ ಹೋಗಿ ನಿಘಂಟಿನ ನಡುವೆ ಇಟ್ಟಿದ್ದ ಹಳೆಯ ಇಪ್ಪತ್ತು ರೂಪಾಯಿ ನೋಟು ತಂದರು, ಆ ಕೆಂಪುಬಣ್ಣದ್ದು. ಹಿಂಭಾಗದಲ್ಲಿ ತೆಂಗಿನ ಮರಗಳು, ಅದರಾಚೆ ಸಮುದ್ರ. ಮೌಂಟ್ ಹ್ಯಾರಿಯೆಟ್‌ನಿಂದ ಕಾಣುವ ನಾರ್ತ್ ಬೇ ನೋಟವದು. 1891ರ ಯುದ್ಧದ ನಂತರ ಮಣಿಪುರದ ರಾಜ ಕುಲಚಂದ್ರ ಮತ್ತು ಅವನ ಜೊತೆಯವರನ್ನು ಅಲ್ಲೇ ಇಟ್ಟಿದ್ದರಿಂದ 2021ರಲ್ಲಿ ಬೆಟ್ಟಕ್ಕೆ ಮೌಂಟ್ ಮಣಿಪುರ್ ಅಂತ ಹೆಸರಾಯಿತು. ಅದೇ ಬೆಟ್ಟದ ಬುಡದಲ್ಲಿ 1872ರ ಫೆಬ್ರವರಿ 8ರಂದು ಶೇರ್ ಅಲಿ ಎಂಬ ಕೈದಿ ವೈಸರಾಯ್ ಲಾರ್ಡ್ ಮೇಯೋನನ್ನು ಚೂರಿಯಿಂದ ಇರಿದು ಕೊಂದದ್ದು. ಅನಘಾ ನೋಟನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದಳು. ಎಷ್ಟು ಸಲ ನಮ್ಮ ಕೈ ದಾಟಿಹೋಗಿತ್ತು ಈ ನೋಟು!

ಬಾರಾಟಾಂಗ್ ವಿಷಯ ನಾನೇ ಕೇಳಿದೆ. ಮಾವ ತಟ್ಟೆ ಬದಿಗಿಟ್ಟರು.

"ನೋಡಮ್ಮ, ಆ ರಸ್ತೆ ಜಾರವಾಗಳ ಕಾಡಿನ ಒಳಗೇ ಹೋಗುತ್ತೆ. ಆ ಪ್ರದೇಶ ಅವರದು ಅಂತ 1956ರಿಂದ ಕಾನೂನೇ ಇದೆ. ರಸ್ತೆಯ ಆ ಭಾಗ ಮುಚ್ಚಿ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಇನ್ನೂ ಮುಚ್ಚಿಲ್ಲ."

2 ಫೆಬ್ರವರಿ, ಭಾನುವಾರ

ವಾರವಿಡೀ ಬಿಡುವಾದಾಗೆಲ್ಲ ಇದನ್ನೇ ಓದಿದೆ. ಜಾರವಾ ಜನ ಹೊರಗಿನವರ ಹತ್ತಿರ ತಾವಾಗಿ ಬರತೊಡಗಿದ್ದು 1997–98ರ ಸುಮಾರಿಗೆ. ಅದಕ್ಕೂ ಮುಂಚೆ ಬಿಲ್ಲುಬಾಣ ಹಿಡಿದು ಕಾಡನ್ನು ಕಾಯುತ್ತಿದ್ದವರು. ಹತ್ತಿರ ಬಂದ ಮೇಲೆ 1999ರಲ್ಲಿ ಒಮ್ಮೆ, 2006ರಲ್ಲಿ ಇನ್ನೊಮ್ಮೆ ದಡಾರ ಹರಡಿತು. ಒಟ್ಟು ಕೆಲವು ನೂರು ಜನ ಮಾತ್ರ ಇರುವ ಸಮುದಾಯದಲ್ಲಿ ಒಂದು ದಡಾರ ಎಂದರೆ ಏನು ಅಂತ ಮಕ್ಕಳನ್ನು ಸಾಕಿದ ಯಾರಿಗಾದರೂ ಅರ್ಥವಾಗುತ್ತದೆ. ಅಲ್ಲಿನ ಇನ್ನೊಂದು ಬುಡಕಟ್ಟಾದ ಗ್ರೇಟ್ ಅಂಡಮಾನೀಯರ ಕತೆ ಕಣ್ಣಮುಂದೆಯೇ ಇದೆ. ಬ್ರಿಟಿಷರು ಬಂದಾಗ ಸಾವಿರಗಟ್ಟಲೆ ಇದ್ದವರು ಈಗ ಐವತ್ತರ ಆಸುಪಾಸು. ಅವರ ಬೋ ಭಾಷೆ ಬಲ್ಲ ಕೊನೆಯ ಹೆಂಗಸು ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಆಕೆಯ ಮಾತನ್ನು ದಾಖಲಿಸಿದ್ದು ಭಾಷಾಶಾಸ್ತ್ರಜ್ಞೆ ಅನ್ವಿತಾ ಅಬ್ಬಿ. 2012ರಲ್ಲಿ, ತಿಂಡಿಯ ಆಸೆ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೋ ಹೊರಬಂದಾಗ ದೇಶವೇ ತಲೆತಗ್ಗಿಸಿತ್ತು.

ಇವತ್ತು ಮೈದುನನ ಮನೆಯವರೂ ಬಂದಿದ್ದರು. ಊಟವಾದ ಮೇಲೆ ಮಾತು ಶುರುವಾಯಿತು. ಓರಗಿತ್ತಿ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ: "ಅಕ್ಕ, ವಾಹನಗಳೆಲ್ಲ ಪೊಲೀಸ್ ಬೆಂಗಾವಲಲ್ಲೇ ಹೋಗುತ್ತಂತೆ. ನಿಲ್ಲಿಸೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ. ನಾವು ಗುಹೆ ನೋಡಕ್ಕೆ ಹೋಗೋದು, ಅವರನ್ನ ನೋಡಕ್ಕಲ್ಲ." ಅಲ್ಲಿ ಬದುಕುವವರಿಗೂ ಅದೇ ದಾರಿ ಎನ್ನುವುದೂ ನಿಜ. ಆಸ್ಪತ್ರೆಗೆ, ಪರೀಕ್ಷೆಗೆ, ಸಂತೆಗೆ ಹೋಗುವವರು ಆ ರಸ್ತೆ ಹಿಡಿಯುವುದನ್ನು ಬೇಡ ಅನ್ನಲು ನಾನು ಯಾರು? ಆದರೆ ನಮಗೆ ಅಂಥ ದರ್ದು ಇಲ್ಲ. ನಮ್ಮದು ರಜೆ. ರಜೆಯ ಒಂದು ಬೆಳಗಿಗಾಗಿ ಆ ಸಾಲಿಗೆ ಇನ್ನೊಂದು ಗಾಡಿ ಸೇರಿಸಬಾರದು ಎಂದೇ ನಾನು ಹೇಳಿದೆ.

ಅನಘಾಗೆ ಬೇಜಾರಾಯಿತು. ಸುಣ್ಣಕಲ್ಲಿನ ಗುಹೆ ಅವಳ ಭೂಗೋಳದ ಪಾಠದಲ್ಲಿದೆ. ಆಗ ಮಾವ ಅವಳಿಗೇ ಕೇಳಿದರು, "ಅಲ್ಲಾ ಪುಟ್ಟಿ, ನಮ್ಮನೆ ಹಿತ್ತಲಲ್ಲಿ ದಿನಾ ಇಷ್ಟು ಬಸ್ಸು ಹಾದು ಹೋದ್ರೆ, ಒಳಗಿರೋರು ಕಿಟಕಿಯಿಂದ ನಮ್ಮಜ್ಜಿ ಕಾಣಿಸ್ತಾಳಾ ಅಂತ ಬಗ್ಗಿ ನೋಡಿದ್ರೆ?" ಅವಳು ಏನೂ ಹೇಳಲಿಲ್ಲ. ಸಂಜೆ ತಾನಾಗಿಯೇ ಬಂದು, ದಿಗ್ಲಿಪುರದ ಹತ್ತಿರ ಶ್ಯಾಮನಗರದಲ್ಲೂ ಕೆಸರಿನ ಜ್ವಾಲಾಮುಖಿ ಇದೆಯಂತಮ್ಮ, ಅದನ್ನ ನೋಡೋಣ ಅಂದಳು. ಓರಗಿತ್ತಿಯೂ ಒಪ್ಪಿದಳು.

ಬಾರಾಟಾಂಗ್ ಕೈಬಿಟ್ಟೆವು.

11 ಫೆಬ್ರವರಿ, ಮಂಗಳವಾರ

ಈಗ ನಿಜವಾದ ಕೆಲಸ. ದಿಗ್ಲಿಪುರ ಉತ್ತರದ ತುದಿ. ಪೋರ್ಟ್ ಬ್ಲೇರಿನಿಂದ (ಈಗ ಶ್ರೀ ವಿಜಯಪುರಂ, ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ) ರಸ್ತೆಯಲ್ಲಿ ಹೋದರೆ ಅದೇ ಕಾಡು ದಾಟಬೇಕು. ಹಾಗಾಗಿ ಸಮುದ್ರದಲ್ಲೇ ಹೋಗುವುದು. ನೀಲ್, ಅಲ್ಲಿಂದ ಹ್ಯಾವ್‌ಲಾಕ್, ಅಲ್ಲಿಂದ ಸರ್ಕಾರಿ ಹಡಗಿನಲ್ಲಿ ರಂಗತ್. ರಂಗತ್ ಮುಟ್ಟಿದರೆ ರಸ್ತೆ ಜಾರವಾ ಕಾಡಿನೊಳಗೆ ಹೋಗುವ ಭಾಗ ದಕ್ಷಿಣಕ್ಕೆ ಉಳಿಯುತ್ತದೆ. ಮುಂದೆ ಮಾಯಾಬಂದರ್ ಮೇಲೆ ದಿಗ್ಲಿಪುರಕ್ಕೆ ಬಸ್ಸು. ವಾಪಸ್ ಬರುವಾಗಲೂ ರಂಗತ್‌ನಿಂದ ಹಡಗೇ.

ತೊಡಕು ಏನೆಂದರೆ ಸರ್ಕಾರಿ ಹಡಗಿನ ಟಿಕೆಟ್ ಕೆಲವೇ ದಿನ ಮುಂಚೆ ಬಿಡುತ್ತಾರೆ. ಗಾಳಿ ಜೋರಾದರೆ ಹಡಗೇ ಇಲ್ಲ. ಹ್ಯಾವ್‌ಲಾಕ್‌ವರೆಗೆ ಖಾಸಗಿ ಕ್ಯಾಟಮರಾನ್‌ಗಳಿವೆ, ಅದರ ಟಿಕೆಟ್ ಈಗಲೇ ತೆಗೆಯಬಹುದು. ಆಚೆಗೆ ಹಾಗಲ್ಲ. ಇದಕ್ಕೆ ನನಗೆ ಕಂಡ ಉಪಾಯ ಒಂದೇ: ಹಡಗಿನ ದಿನದ ಪಕ್ಕದಲ್ಲಿ ಖಾಲಿ ದಿನ ಬಿಡುವುದು. ಇವರು ಹಾಳೆ ನೋಡಿ, ಇಷ್ಟೊಂದು ಖಾಲಿ ಯಾಕೆ ಅಂದರು. ಹಡಗು ಸಮಯಕ್ಕೆ ಸಿಕ್ಕರೆ ಅತ್ತೆ-ಮಾವನಿಗೆ ವಿಶ್ರಾಂತಿ, ಸಿಗದಿದ್ದರೆ ಬೆಂಗಳೂರಿನ ವಿಮಾನ ತಪ್ಪುವುದಿಲ್ಲ. ದ್ವೀಪಕ್ಕೆ ಹೋಗುವವರು ತುಂಬಿದ ಪಟ್ಟಿ ಹಿಡಿದು ಹೋಗಲೇಬಾರದು.

23 ಫೆಬ್ರವರಿ, ಭಾನುವಾರ

ಅನಘಾ ಗೋಡೆಗೆ ಪಂಚಾಂಗ ತೂಗುಹಾಕಿ ಉಬ್ಬರ-ಇಳಿತದ ಲೆಕ್ಕ ಮಾಡಿದ್ದಾಳೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ನೀಲ್ ದ್ವೀಪದಲ್ಲಿ ಸಮುದ್ರ ಕೊರೆದ ಕಲ್ಲಿನ ಕಮಾನು ಇದೆ. ಅದರ ಬುಡಕ್ಕೆ ನಡೆದು ಹೋಗಲು ನೀರು ಇಳಿದಿರಬೇಕು. ನಾವು ಹೊರಡುವ ಏಪ್ರಿಲ್ 12ಕ್ಕೇ ಹುಣ್ಣಿಮೆ ಬರುವುದರಿಂದ ನೀಲ್ ಅನ್ನು ಮೊದಲಿಗೆ ಇಟ್ಟುಕೊಂಡೆವು. ಹ್ಯಾವ್‌ಲಾಕ್ ಆಮೇಲೆ.

ಸೂರ್ಯನ ಲೆಕ್ಕವನ್ನೂ ಅವಳೇ ತೆಗೆದಳು. ಪೋರ್ಟ್ ಬ್ಲೇರ್ ನಮ್ಮ ಮೈಸೂರಿಗಿಂತ ಹದಿನಾರು ರೇಖಾಂಶ ಪೂರ್ವಕ್ಕಿದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಗಡಿಯಾರ ಎರಡೂ ಕಡೆ ಒಂದೇ, ಸೂರ್ಯ ಮಾತ್ರ ಅಲ್ಲಿ ಒಂದು ಗಂಟೆಗೂ ಮಿಕ್ಕಿ ಮೊದಲು. ಏಪ್ರಿಲ್‌ನಲ್ಲಿ ಬೆಳಗಿನ ಐದಕ್ಕೆ ಬೆಳಕಾಗಿ ಸಂಜೆ ಐದೂವರೆ ಸುಮಾರಿಗೆ ಮುಳುಗುತ್ತದೆ. ರಾಧಾನಗರದ ಕಡಲತೀರಕ್ಕೆ ಸಂಜೆ ಕಾಫಿ ಕುಡಿದು ಹೋಗೋಣ ಎಂದರೆ ಕತ್ತಲಾಗಿರುತ್ತದೆ. ನಾಲ್ಕೂವರೆಗೆ ಏಳುವ ಅತ್ತೆಗೆ ಇದು ಬಹಳ ಹಿಡಿಸಿತು.

ಅವರ ಚಿಂತೆ ಊಟದ್ದು. ನೀಲ್‌ನಲ್ಲಿ ಬಂಗಾಳಿ ರೈತರು ತರಕಾರಿ ಬೆಳೆದು ಪೋರ್ಟ್ ಬ್ಲೇರಿಗೇ ಕಳಿಸುತ್ತಾರೆ, ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಮನೆತನಗಳು ಎಂದು ಹೇಳಿದೆ. ತಮಿಳರೂ ಇದ್ದಾರೆ, ಇಡ್ಲಿ ಸಿಗುತ್ತದೆ. ಆದರೂ ಚಟ್ನಿಪುಡಿ, ಹುಳಿಪುಡಿ ಬರುವುದು ಖಂಡಿತ.

9 ಮಾರ್ಚ್, ಭಾನುವಾರ

ವಿನು ಚಿಪ್ಪು ತುಂಬಿಕೊಳ್ಳಲು ಡಬ್ಬಿ ತೊಳೆದಿಟ್ಟಿದ್ದ. ಹವಳ, ಚಿಪ್ಪು ಯಾವುದನ್ನೂ ತರುವ ಹಾಗಿಲ್ಲ. ಹವಳಕ್ಕೆ ವನ್ಯಜೀವಿ ಕಾನೂನಿನಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ. ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ. ಆದರೆ ಅವನಿಗೆ ನಾನು ಹೇಳಿದ್ದು ಕಾನೂನಲ್ಲ. ಖಾಲಿ ಚಿಪ್ಪಿನೊಳಗೆ ಸನ್ಯಾಸಿ ಏಡಿ ಮನೆ ಮಾಡುತ್ತದೆ, ಬೆಳೆದಂತೆ ದೊಡ್ಡ ಚಿಪ್ಪು ಹುಡುಕುತ್ತದೆ. ನೀನು ತಂದರೆ ಅದಕ್ಕೆ ಮನೆ ಇಲ್ಲ. ಡಬ್ಬಿ ಬಿಟ್ಟು ಬಣ್ಣದ ಪೆನ್ಸಿಲ್ ತೆಗೆದುಕೊಂಡ, ಕಂಡದ್ದನ್ನೆಲ್ಲ ಬರೆಯುತ್ತಾನಂತೆ.

ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೂ ಒಂದು ದಿನ ಇಟ್ಟಿದ್ದೇವೆ. 1983ರಲ್ಲಿ ಘೋಷಿಸಿದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಭಾಗವದು, ಪ್ಲಾಸ್ಟಿಕ್‌ಗೆ ಪ್ರವೇಶವಿಲ್ಲ. ಎಲ್ಲರಿಗೂ ಸ್ಟೀಲ್ ಬಾಟಲಿ ತಂದೆ. ಮಕ್ಕಳು ಈಜು ತರಗತಿಗೆ ಹೋಗುತ್ತಿದ್ದಾರೆ. ನೀರಿನಲ್ಲಿ ಹವಳದ ಮೇಲೆ ಕಾಲೂರಬಾರದು ಎನ್ನುವುದನ್ನು ಅಲ್ಲೇ ಅಭ್ಯಾಸ ಮಾಡಿಸಿದೆ: ತೇಲಬೇಕು, ನಿಲ್ಲಬಾರದು. ಮೊಸಳೆಯ ಎಚ್ಚರಿಕೆ ಫಲಕವಿದ್ದ ಕಡೆ ನೀರಿಗೇ ಇಳಿಯುವಂತಿಲ್ಲ, ಅದರಲ್ಲಿ ಚೌಕಾಸಿ ಇಲ್ಲ.

30 ಮಾರ್ಚ್, ಯುಗಾದಿ

ಹೋಳಿಗೆ, ಬೇವು-ಬೆಲ್ಲ. ಮಾವನ ಬಿಪಿ ಮಾತ್ರೆ ಪೂರ್ತಿ ಪ್ರವಾಸಕ್ಕೆ ಆಗುವಷ್ಟು ತಂದಾಯಿತು, ಅರ್ಧ ಅವರ ಚೀಲದಲ್ಲಿ, ಅರ್ಧ ನನ್ನದರಲ್ಲಿ. ಹಡಗಿನ ವಾಂತಿಗೆ ಮಾತ್ರೆ, ಓಆರ್‌ಎಸ್, ನಗದು.

4 ಏಪ್ರಿಲ್, ಶುಕ್ರವಾರ

ಪತ್ರಿಕೆಯಲ್ಲಿ ಸುದ್ದಿ. 24 ವರ್ಷದ ಒಬ್ಬ ಅಮೆರಿಕನ್ ಮಾರ್ಚ್ 29ರಂದು ದೋಣಿಯಲ್ಲಿ, ಹೊರಗಿನವರನ್ನು ಹತ್ತಿರ ಬಿಟ್ಟುಕೊಳ್ಳದ ಜನರಿರುವ ನಾರ್ತ್ ಸೆಂಟಿನೆಲ್ ದ್ವೀಪಕ್ಕೆ ಹೋಗಿ, ದಡದಲ್ಲಿ ಒಂದು ತೆಂಗಿನಕಾಯಿ, ಒಂದು ಕೋಲಾ ಡಬ್ಬಿ ಇಟ್ಟು ಬಂದಿದ್ದಾನೆ. ಪೊಲೀಸರು ಹಿಡಿದಿದ್ದಾರೆ. ಆ ದ್ವೀಪದ ಸುತ್ತ ಐದು ನಾಟಿಕಲ್ ಮೈಲಿಯೊಳಗೆ ಯಾರೂ ಹೋಗುವಂತಿಲ್ಲ. 2018ರಲ್ಲಿ ಇನ್ನೊಬ್ಬ ಹೋಗಿ ಪ್ರಾಣ ಕಳೆದುಕೊಂಡಿದ್ದ. ನಮ್ಮ ಹತ್ತಿರ ಬರಬೇಡಿ ಎಂದು ಇಷ್ಟು ಸ್ಪಷ್ಟವಾಗಿ ಹೇಳಿರುವ ಜನರ ಅಂಗಳಕ್ಕೆ ನುಗ್ಗುವುದಕ್ಕೆ ಸಾಹಸ ಎನ್ನಬಾರದು. ಒಂದು ನೆಗಡಿ ಸಾಕು ಅವರನ್ನು ಮಲಗಿಸಲು.

ಅನಘಾ ಸುದ್ದಿಯನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, "ಚಿಕ್ಕಮ್ಮಂಗೂ ಕಳಿಸ್ತೀನಿ" ಅಂದಳು.

6 ಏಪ್ರಿಲ್, ರಾಮನವಮಿ

ಪಾನಕ, ಕೋಸಂಬರಿ ಹಂಚುವಾಗ ಹಾಸನದ ಅಕ್ಕನ ಫೋನ್. ಅವರೂ ಮುಂದಿನ ಜನವರಿಯಲ್ಲಿ ಹೋಗುವ ಯೋಚನೆಯಲ್ಲಿದ್ದಾರೆ, ನಮ್ಮ ಪಟ್ಟಿ ಬೇಕಂತೆ. ರಾತ್ರಿ ಕೂತು ಹಡಗು, ಉಬ್ಬರ-ಇಳಿತ, ಉಳಿಯುವ ಜಾಗ ಎಲ್ಲವನ್ನೂ ಬರೆದು ಕಳಿಸಿದೆ. ಕೊನೆಯಲ್ಲಿ ಹೀಗೆ ಸೇರಿಸಿದೆ: "ಅಕ್ಕ, ಟ್ರಾವೆಲ್ಸ್‌ನವರು ಬಾರಾಟಾಂಗ್ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ ಅನ್ನಿ. ಉತ್ತರಕ್ಕೆ ಹೋಗಬೇಕಿದ್ದರೆ ಹಡಗಿನಲ್ಲಿ ಹೋಗಿ. ಒಂದು ದಿನ ಹೆಚ್ಚು ಹಿಡಿಯುತ್ತದೆ, ಅಷ್ಟೇ."