'ಥಿಂಕ್' ಅಂದ್ರೆ ಯಾವ ಥಿಂಕ್?

'ಐ ಥಿಂಕ್' ಅನ್ನೋದು ಈಗ ಹಳ್ಳಿಯಲ್ಲೂ ಕೇಳಿಸುವ ಮಾತು. ಇಂಗ್ಲಿಷ್ ಅಷ್ಟಾಗಿ ಬಾರದವರೂ ಮಾತಿನ ಮಧ್ಯೆ ಅದನ್ನು ಸೇರಿಸ್ತಾರೆ. ಇಷ್ಟು ಸಲೀಸಾದ ಈ ಪದ ನಾರ್ವೆ ದೇಶದ ಭಾಷೆಗೆ ಹೋದರೆ ನಾಲ್ಕು ಹೋಳಾಗುತ್ತೆ. ಯಾವ ಹೋಳು ಎಲ್ಲಿಗೆ ಅನ್ನೋದು ನಮ್ಮಂಥ ವರದಿಗಾರರಿಗೂ ಬೇಕು, ನಮಗೆ ಹೇಳಿಕೆ ಕೊಡುವ ನಿಮಗೂ ಬೇಕು. ಅದಕ್ಕೇ ಈ ಬರಹ.

ನನಗೆ ಇದನ್ನು ಹೇಳಿಕೊಟ್ಟವಳು ಚಿಕ್ಕಪ್ಪನ ಮಗಳು. ಗಂಡನ ಕೆಲಸದ ಸಲುವಾಗಿ ನಾರ್ವೆಯ ಬರ್ಗನ್ ಊರಿಗೆ ಹೋಗಿ ಮೂರು ವರ್ಷವಾಯಿತು. ಆ ಇಡೀ ದೇಶದ ಜನ ಸುಮಾರು 55 ಲಕ್ಷ, ನಮ್ಮ ಬೆಂಗಳೂರಿಗಿಂತ ಕಡಿಮೆ. ಅಲ್ಲಿ ಇಂಗ್ಲಿಷ್ ಬಹುತೇಕ ಎಲ್ಲರಿಗೂ ಬರುತ್ತೆ. ಆದರೂ ಅವರ ಭಾಷೆ ಬಾರದೆ ಒಳ್ಳೆ ಕೆಲಸ ಸಿಗೋದು ಕಷ್ಟ ಅಂತ ಇವಳು ಕ್ಲಾಸಿಗೆ ಸೇರಿದಳು.

ಒಂದು ದಿನ ಕ್ಲಾಸಿನಲ್ಲಿ ಕಾಫಿ ಕುಡೀತಾ, ಕಾಫಿ ಚೆನ್ನಾಗಿದೆ ಅನ್ನೋಕೆ 'ಟ್ರೂರ್' ಅನ್ನೋ ಪದ ಹಾಕಿದಳಂತೆ. ಟೀಚರ್ ನಕ್ಕು, "ಯಾಕೆ, ನೀವಿನ್ನೂ ಕುಡಿದಿಲ್ವಾ?" ಅಂದರಂತೆ.

"ನೋಡಣ್ಣ, ಇಂಗ್ಲಿಷಿನಲ್ಲಿ ಎರಡಕ್ಕೂ ಥಿಂಕ್ ಅಂದ್ರೆ ನಡೆಯುತ್ತೆ. ಇಲ್ಲಿ ಕುಡಿಯೋಕೆ ಮುಂಚೆ ಒಂದು ಪದ, ಕುಡಿದ ಮೇಲೆ ಇನ್ನೊಂದು" ಅಂದಳು ಫೋನಿನಲ್ಲಿ.

ಆ ನಾಲ್ಕು ಪದಗಳನ್ನು ಅವಳು ಹೇಳಿದ ಹಾಗೆ, ಕಿವಿಗೆ ಬಿದ್ದಂತೆ ಬರೀತೀನಿ.

ಟ್ರೂರ್: ನನಗೆ ಖಚಿತವಿಲ್ಲ, ಆದರೆ ಹಾಗಿರಬಹುದು ಅಂದುಕೊಂಡಿದ್ದೀನಿ. "ನಾಳೆ ಮಳೆ ಬರಬಹುದು", "ಬಸ್ಸು ಹೋಗಿರಬೇಕು" ಅನ್ನುವಾಗ ಇದು. ನಿಜವೋ ಸುಳ್ಳೋ ಆಮೇಲೆ ಗೊತ್ತಾಗುತ್ತೆ. ದೇವರನ್ನು ನಂಬುವುದಕ್ಕೂ ಇದೇ ಪದ.

ಸೂನೆಸ್: ನಾನೇ ನೋಡಿದ್ದೀನಿ, ತಿಂದಿದ್ದೀನಿ, ಅನುಭವಿಸಿದ್ದೀನಿ, ನನಗೆ ಹೀಗೆ ಅನಿಸಿತು. ಸಾರಿಗೆ ಉಪ್ಪು ಜಾಸ್ತಿ, ಸಿನಿಮಾ ಚೆನ್ನಾಗಿತ್ತು ಅನ್ನುವಾಗ ಇದು. ನೋಡದ ಸಿನಿಮಾಗೆ ಸೂನೆಸ್ ಹಾಕಿದರೆ, ಯಾವಾಗ ನೋಡಿದೆ ಅಂತ ಕೇಳ್ತಾರೆ.

ಟೆಂಕರ್: ತಲೆಯೊಳಗೆ ನಡೆಯುವ ಯೋಚನೆ. ಮಗಳ ಮದುವೆ ಬಗ್ಗೆ ಯೋಚಿಸ್ತಿದ್ದೀನಿ ಅನ್ನೋದೂ ಇದೇ, "ಹಸು ಮಾರೋಣ ಅಂತಿದ್ದೀನಿ" ಅನ್ನೋದೂ ಇದೇ.

ಮೇನರ್: ಯೋಚಿಸಿ ನಿಂತ ನಿಲುವು. ಗ್ರಾಮಸಭೆಯಲ್ಲಿ ಎದ್ದು ನಿಂತು "ಈ ರಸ್ತೆ ಇಲ್ಲಿ ಬೇಡ ಅನ್ನೋದು ನನ್ನ ಅಭಿಪ್ರಾಯ" ಅಂತೀವಲ್ಲ, ಅದು.

ಗೆರೆ ಕೊಯ್ದ ಹಾಗೇನೂ ಇಲ್ಲ. ಅಲ್ಲೂ ಈಚೆಗೆ ಅಭಿಪ್ರಾಯ ಹೇಳುವಾಗ ಟೆಂಕರ್ ಬಳಸುವವರು ಇದ್ದಾರೆ. ಆದರೆ ಟ್ರೂರ್ ಮತ್ತು ಸೂನೆಸ್ ನಡುವಿನ ವ್ಯತ್ಯಾಸವನ್ನು ಹೊಸದಾಗಿ ಕಲಿಯುವವರಿಗೆ ಮೊದಲ ತಿಂಗಳುಗಳಲ್ಲೇ ತಿದ್ದುತ್ತಾರೆ.

ಇದು ನನ್ನ ಕೆಲಸಕ್ಕೆ ಹೇಗೆ ತಾಗಿತು ಅಂತ ಹೇಳ್ತೀನಿ. ಹೋದ ಬೇಸಿಗೆಯಲ್ಲಿ ಒಂದು ಊರಿನ ಬೋರ್‌ವೆಲ್ ನೀರಿನ ಬಗ್ಗೆ ವರದಿ ಮಾಡಿದ್ದೆ. ಅಲ್ಲಿಯ ಒಬ್ಬ ಅಜ್ಜಿ, "ನೀರು ಚೌಳು ಚೌಳು ಅನ್ಸುತ್ತಪ್ಪಾ, ಬೇಳೆ ಬೇಯಲ್ಲ" ಅಂದರು. ಇಂಜಿನಿಯರ್‌ಗೆ ಫೋನ್ ಮಾಡಿದೆ. "ನಾನಿನ್ನೂ ಆ ಊರಿಗೆ ಹೋಗಿಲ್ಲ, ನೀರು ಚೆನ್ನಾಗೇ ಇದೆ ಅಂದ್ಕೊಂಡಿದ್ದೀನಿ" ಅಂದರು. ಇಬ್ಬರ ಮಾತನ್ನೂ ಹಾಗೇ ಬರೆದು ಕಳಿಸಿದೆ. ಅದು ಇಂಗ್ಲಿಷಿಗೆ ಹೋಗಿ ಅಚ್ಚಾಗಿ ಬಂದಾಗ ಒಂದೇ ಸಾಲು: ನೀರು ಸರಿಯಿಲ್ಲ ಅಂತ ಊರಿನವರು 'ಥಿಂಕ್' ಮಾಡ್ತಾರೆ, ಸರಿಯಿದೆ ಅಂತ ಅಧಿಕಾರಿ 'ಥಿಂಕ್' ಮಾಡ್ತಾರೆ.

ವ್ಯಾಕರಣದ ಪ್ರಕಾರ ತಪ್ಪಿಲ್ಲ. ಆದರೆ ಅಜ್ಜಿಯದ್ದು ಸೂನೆಸ್, ಇಂಜಿನಿಯರದ್ದು ಟ್ರೂರ್. ಒಬ್ಬರು ದಿನಾ ಕುಡಿಯುವವರು, ಇನ್ನೊಬ್ಬರು ಆ ಊರನ್ನೇ ನೋಡದವರು. ಒಂದು ಪದ ಇಬ್ಬರನ್ನೂ ತಕ್ಕಡಿಯಲ್ಲಿ ಸಮ ಮಾಡಿಬಿಟ್ಟಿತು. ಓದಿದವರು ಇದೇನೋ ಎರಡು ಕಡೆಯವರ ಜಗಳ ಅಂದುಕೊಂಡರು. ವಾರಕ್ಕೆರಡು ಟ್ಯಾಂಕರ್ ಕೊಡಿ ಅನ್ನೋ ಬೇಡಿಕೆ ಆ ಬೇಸಿಗೆ ಮುಗಿದರೂ ಫೈಲಿನಲ್ಲೇ ಇತ್ತು. ಮೊಮ್ಮಗ ಆ ಸಾಲಿನ ಅರ್ಥ ಹೇಳಿದಾಗ ಅಜ್ಜಿ ನನ್ನನ್ನು ಕೇಳಿದರು: "ಕುಡಿಯೋಳು ನಾನು ಕಣಪ್ಪಾ. ಅವರದ್ದೂ ನಂದೂ ಒಂದೇ ಹೆಂಗಾಯ್ತು?"

ಹಾಗಂತ ಅನುಭವದ ಮಾತೇ ಕೊನೆಯ ಮಾತಲ್ಲ. ನೀರು ಚೌಳು ಅನ್ನೋದನ್ನು ಅಜ್ಜಿಯ ನಾಲಿಗೆಗಿಂತ ಚೆನ್ನಾಗಿ ಹೇಳುವವರಿಲ್ಲ. ಆದರೆ ಫ್ಲೋರೈಡ್ ನಾಲಿಗೆಗೆ ಸಿಗಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಅನ್ನುತ್ತೆ ನಮ್ಮ ದೇಶದ ಮಾನದಂಡ. ಅದರ ಮೇಲಿದ್ದರೂ ನೀರು ಸಿಹಿಯಾಗೇ ಇರಬಹುದು. ಅಲ್ಲಿ ಅಜ್ಜಿ ಹೇಳಿದರೂ, ಇಂಜಿನಿಯರ್ ಹೇಳಿದರೂ, ನಾನು ಹೇಳಿದರೂ ಅದು ಬರೀ ಟ್ರೂರ್. ಪರೀಕ್ಷೆ ಮಾಡಿಸಿದ ಮೇಲೆ ಮಾತ್ರ 'ಗೊತ್ತು' ಅನ್ನಬಹುದು. ಅದಕ್ಕೆ ನಾರ್ವೆಯವರು 'ವೇಟ್' ಅಂತ ಬೇರೆಯೇ ಪದ ಇಟ್ಟಿದ್ದಾರೆ.

ನಮ್ಮ ಕನ್ನಡವೇನು ಬಡ ಅಲ್ಲ. ಅಂದುಕೊಂಡಿದ್ದೀನಿ, ಇರಬಹುದು, ಯೋಚಿಸ್ತಿದ್ದೀನಿ, ಬಂದೀತು, ಎಲ್ಲ ಇವೆ. ಕೇಳಿದ ಸುದ್ದಿಗೆ 'ಅಂತೆ' ಅಂತ ಬಾಲ ಹಚ್ಚಿದರೆ ನಾನು ಕಂಡದ್ದಲ್ಲ ಅಂತ ಎಲ್ಲರಿಗೂ ತಿಳಿಯುತ್ತೆ. ಆದರೆ 'ಅನ್ಸುತ್ತೆ' ಮಾತ್ರ ಎರಡೂ ಕಡೆ ಓಡಾಡುತ್ತೆ. "ಮಳೆ ಬರುತ್ತೆ ಅನ್ಸುತ್ತೆ" ಊಹೆ. "ನೀರು ಚೌಳು ಅನ್ಸುತ್ತೆ" ಅನುಭವ. ಅವಸರದಲ್ಲಿ ಬರೆಯುವವರಿಗೆ ಎರಡೂ ಒಂದೇ ಥರ ಕಾಣುತ್ತೆ.

ಈಗ ಯಾರಾದರೂ 'ಅನ್ಸುತ್ತೆ' ಅಂದ ತಕ್ಷಣ ನಾನು ಕೇಳ್ತೀನಿ: ನೀವೇ ನೋಡಿದ್ರಾ? ಯಾರಾದರೂ ಹೇಳಿದ್ರಾ? ಇಲ್ಲಾ ಹಾಗಿರಬಹುದು ಅಂತ ಅಂದಾಜಾ? ಕಾಪಿಯಲ್ಲಿ 'ಅನ್ಸುತ್ತೆ' ಅಂತ ಬಿಡೋದಿಲ್ಲ. "ದಿನಾ ಕುಡಿಯುವ ಇವರು ಹೇಳಿದ್ದು", "ಸ್ಥಳಕ್ಕೆ ಹೋಗಿರದ ಅಧಿಕಾರಿ ಹೇಳಿದ್ದು" ಅಂತ ಬಿಡಿಸಿ ಬರೀತೀನಿ. ಎರಡು ಸಾಲು ಜಾಸ್ತಿಯಾಗುತ್ತೆ, ಡೆಸ್ಕಿನವರು ಗೊಣಗ್ತಾರೆ.

ನೀವೂ ಒಂದು ಮಾಡಿ. ವರದಿಗಾರರು ಬಂದಾಗ, ಅಧಿಕಾರಿ ಬರೆದುಕೊಳ್ಳುವಾಗ, 'ಅನ್ಸುತ್ತೆ ಸಾರ್' ಅಂತ ನಿಲ್ಲಿಸಬೇಡಿ. "ನಾನು ಕುಡಿದು ನೋಡಿದ್ದೀನಿ", "ನನ್ನ ಕಣ್ಣೆದುರೇ ಆಗಿದ್ದು", "ಇದು ನಾನು ಕೇಳಿದ್ದು ಮಾತ್ರ" ಅಂತ ಸೇರಿಸಿ. ಅದು ಎಲ್ಲಿಂದ ಬಂದ ಮಾತು ಅಂತ ನೀವೇ ಹೇಳಿದರೆ, ಯಾವ ಭಾಷೆಗೆ ಹೋದರೂ ನಿಮ್ಮ ಮಾತಿನ ತೂಕ ಇಳಿಯಲ್ಲ.