ಐದು ಮನೆಯ ಹಾಡು

ಗಾಣಗಾಪುರಕ್ಕೆ ಹೋದವನು ಭಿಕ್ಷೆ ಬೇಡದೆ ಬರಬಾರದೆಂಬುದೊಂದು ರೂಢಿ. ಭೀಮಾ–ಅಮರಜಾ ಸಂಗಮದಲ್ಲಿ ಮಿಂದು, ಮಠದಲ್ಲಿ ನಿರ್ಗುಣ ಪಾದುಕೆಗಳ ದರ್ಶನ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಊರಿನ ಐದು ಮನೆಗಳ ಮುಂದೆ ಜೋಳಿಗೆ ಹಿಡಿದು ನಿಲ್ಲಬೇಕು. ಅದಕ್ಕೆ ಮಾಧುಕರಿ ಎಂದು ಹೆಸರು. ಮಧುಕರವೆಂದರೆ ದುಂಬಿ. ದುಂಬಿಯು ಯಾವ ಹೂವನ್ನೂ ನೋಯಿಸದೆ ಒಂದೊಂದರಿಂದ ಒಂದಿಷ್ಟು ಪಡೆದು ಬರುವಂತೆ ಬೇಡಬೇಕೆಂಬುದು ಆ ಮಾತಿನ ಅರ್ಥ. ಪುಣೆಯ ಶ್ರೀಮಂತರೂ ಸೊಲ್ಲಾಪುರದ ವ್ಯಾಪಾರಿಗಳೂ ಕಾರಿನಿಂದಿಳಿದು ಅರ್ಧ ಗಳಿಗೆ ಭಿಕ್ಷುಕರಾಗುವುದನ್ನು ಇಲ್ಲಿ ಯಾರೂ ಕಣ್ಣರಳಿಸಿ ನೋಡುವುದಿಲ್ಲ. ಗುರುಗಳು ಇಂದಿಗೂ ಮಧ್ಯಾಹ್ನ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ ಊರಿನದು. ಯಾರ ವೇಷದಲ್ಲಿ ಯಾರಿದ್ದಾರೋ! ಹಾಗಾಗಿ ಬೇಡುವವನ ಹೆಸರನ್ನು ನೀಡುವವಳು ಕೇಳುವುದಿಲ್ಲ. ನೀಡುವವಳ ಹೆಸರನ್ನು ಬೇಡುವವನೂ ಕೇಳುವುದಿಲ್ಲ.

ಕಳೆದ ವರ್ಷದ ದತ್ತಜಯಂತಿಗೆ ನನ್ನ ತಾಯಿಯ ಹರಕೆಯೊಂದನ್ನು ತೀರಿಸಲೆಂದು ನಾನೂ ಜೋಳಿಗೆ ಹಿಡಿದೆ. ತರಗತಿಯಲ್ಲಿ ಕೈ ಬೀಸಿ ಪಂಪ–ರನ್ನರನ್ನು ಕುರಿತು ಮಾತನಾಡುವ ಮೇಷ್ಟರಿಗೆ ಪರರ ಹೊಸ್ತಿಲ ಮುಂದೆ ಕೈ ಚಾಚಿ ನಿಲ್ಲುವುದು ಅಷ್ಟು ಸುಲಭವಲ್ಲ. ಎರಡು ಮನೆ ಮುಗಿಯುವಷ್ಟರಲ್ಲಿ ಧೈರ್ಯವೂ ಮುಗಿಯಿತು. ತಾಯಿಗೆ ಬಿಸಿಲಿನ ನೆವ ಹೇಳಿ, ಬಸ್ ನಿಲ್ದಾಣದ ಹಾದಿಯ ಚಹಾದ ಅಂಗಡಿಯೊಂದರ ನೆರಳಿಗೆ ಬಂದು ಕುಳಿತೆ.

ಅಂಗಡಿಯಲ್ಲಿ ಬೆಳಗಿನಿಂದಲೂ ದತ್ತನ ಭಜನೆಗಳು ನಡೆದಿದ್ದುವು. ಒಂದು ಭಜನೆ ಮುಗಿದದ್ದೇ ತಡ, ಅಂಗಡಿಯ ಹುಡುಗ ಮೊಬೈಲಿನ ಮೇಲೆ ಬೆರಳಾಡಿಸಿದ. ಒಮ್ಮೆಗೇ ಬೇರೊಂದು ಲೋಕದ ತಾಳ ಎದ್ದು ಬಂತು. ಹೆಂಗಸರ ತುಂಬುಗಂಠ, ಕಾಡಿನ ನಡುವಣ ಅಂಗಳದಿಂದ ಬಂದಂಥದು. ಬೆಂಚಿನ ಮೇಲಿದ್ದ ಮಗುವೊಂದು ಇಳಿದು ಕುಣಿಯತೊಡಗಿತು. ಸೊಂಟನೋವಿನ ನನ್ನ ತಾಯಿಯ ಬೆರಳೂ ಊರುಗೋಲಿನ ಮೇಲೆ ತಾಳ ಹಾಕುತ್ತಿದ್ದುದನ್ನು ನಾನು ಕಂಡೆ.

“ಯಾರಪ್ಪಾ ಹಾಡಿದ್ದು?” ಎಂದು ಹುಡುಗನನ್ನು ಕೇಳಿದೆ.

“ಸಲಗ ಪಿಚ್ಚರಿಂದ್ರೀ ಸರ.”

“ಪಿಚ್ಚರ್ ಇರಲಿ, ಹಾಡಿದವರು ಯಾರು?”

“ದುನಿಯಾ ವಿಜಯ್ ಪಿಚ್ಚರ್ರೀ!” ಎಂದು, ಇಷ್ಟೂ ಗೊತ್ತಿಲ್ಲದವನು ಮಾಸ್ತರನೇ ಎಂಬಂತೆ ಅವನು ನನ್ನನ್ನು ನೋಡಿದ.

ಮೇಷ್ಟರ ಚಪಲ ಎಲ್ಲಿಗೆ ಹೋಗುತ್ತದೆ? ಹಾಡಿದವರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಎಂಬ ಹೆಣ್ಣುಮಕ್ಕಳಿದ್ದಾರೆಂದೂ, ಅವರು ಉತ್ತರ ಕನ್ನಡದ ಸಿದ್ದಿ ಜನರೆಂದೂ, ಗಿರಿಜಾ ಅವರು ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ರಂಗನಟಿಯೆಂದೂ ಚಹಾದ ಅಂಗಡಿಯನ್ನೇ ತರಗತಿ ಮಾಡಿಕೊಂಡು ಹೇಳಿದೆ. ಹುಡುಗ “ಹೌದ್ರೀ?” ಎಂದು ಲೋಟ ತೊಳೆಯತೊಡಗಿದ. ತಾಯಿ ಮಾತ್ರ, “ಸಿದ್ದಿ ಅಂದ್ರ ಯಾರೋ?” ಎಂದು ಕೇಳಿದಳು.

ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಿನಂಚಿನಲ್ಲಿ ನೆಲೆಸಿದ ಸಿದ್ದಿಯರ ಹಿರಿಯರು ಆಫ್ರಿಕದಿಂದ ಬಂದವರು. ಬಂದವರೆನ್ನುವುದಕ್ಕಿಂತ ತರಲ್ಪಟ್ಟವರೆನ್ನುವುದು ಸರಿ. ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಅವರಲ್ಲಿ ಬಹಳ ಮಂದಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ; ಡಮಾಮಿ ಬಡಿದು ಕುಣಿಯುವಾಗ ಮಾತ್ರ ಎಲ್ಲರೂ ಸಿದ್ದಿಯರೇ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಹೆಣ್ಣುದನಿ 2021ರ ‘ಸಲಗ’ದ ಮೂಲಕ ಗಾಣಗಾಪುರದ ಚಹಾದ ಅಂಗಡಿಯವರೆಗೂ ಬಂತು. ದನಿ ಬಂತು, ಹೆಸರು ಬರಲಿಲ್ಲ.

ಆಫ್ರಿಕದ ಜನ ನಮ್ಮ ಸೀಮೆಗೂ ಹೊಸಬರಲ್ಲ. ಬಹಮನಿ ಸುಲ್ತಾನರ ಕಾಲದಿಂದಲೂ ಹಬ್ಶಿಗಳು ಇಲ್ಲಿ ಸೈನಿಕರಾಗಿ, ಸರದಾರರಾಗಿ ಬಾಳಿದರು. ಬೀದರಿನಲ್ಲಿ ಇಂದಿಗೂ ಹಬ್ಶಿ ಕೋಟ್ ಎಂಬ ಜಾಗವಿದೆ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕಡೆಗೆ ಅಹಮದನಗರದ ರಾಜ್ಯವನ್ನೇ ಹೆಗಲ ಮೇಲೆ ಹೊತ್ತು, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನ ಹೆಸರನ್ನು ನಮ್ಮ ಹುಡುಗರು ಪರೀಕ್ಷೆಗೆಂದಾದರೂ ಓದುತ್ತಾರೆ. ಕತ್ತಿ ಹಿಡಿದವನ ಹೆಸರು ಇತಿಹಾಸಕ್ಕೆ ಬೇಕಾಯಿತು. ಆ ಜನರ ತೊಟ್ಟಿಲು ತೂಗಿ ಹಾಡಿದವಳ ಹೆಸರು ಯಾರಿಗೂ ಬೇಕಾಗಲಿಲ್ಲ.

ಸಿದ್ದಿಯರ ಹಿರಿಯರನ್ನು ಪೂರ್ವಕ್ಕೆ ತಂದಂಥವೇ ಬೇರೆ ಹಡಗುಗಳು ಅದೇ ಆಫ್ರಿಕದಿಂದ ಪಶ್ಚಿಮಕ್ಕೆ, ಅಮೆರಿಕಕ್ಕೆ, ಲಕ್ಷಗಟ್ಟಲೆ ಜನರನ್ನು ಒಯ್ದುವು. ಹತ್ತಿಯ ಹೊಲಗಳಲ್ಲಿಯೂ ಇಗರ್ಜಿಗಳಲ್ಲಿಯೂ ಹುಟ್ಟಿದ ಅವರ ಹಾಡು ಮುಂದೆ ಜಗತ್ತಿನ ಹಾಡಾಯಿತು. ಅದನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದವರಲ್ಲಿ ಹೆಂಗಸರೇ ಮುಂದು. 1920ರ ಆಗಸ್ಟಿನಲ್ಲಿ ಮೇಮಿ ಸ್ಮಿತ್ ಎಂಬಾಕೆ ನ್ಯೂಯಾರ್ಕಿನಲ್ಲಿ ‘ಕ್ರೇಜಿ ಬ್ಲೂಸ್’ ಎಂಬ ಹಾಡನ್ನು ತಟ್ಟೆಗೆ ಹಾಡಿದಳು. ಕರಿಯರ ಹಾಡಿನ ತಟ್ಟೆಯನ್ನು ಕೊಳ್ಳುವವರು ಯಾರಿದ್ದಾರೆಂದು ಮೂಗು ಮುರಿಯುತ್ತಿದ್ದ ಕಂಪೆನಿಗಳು, ಅದರ ಮಾರಾಟವನ್ನು ಕಂಡು, ಅಂಥ ಗಾಯಕಿಯರನ್ನು ಊರೂರು ಹುಡುಕಿಕೊಂಡು ಹೊರಟುವು. ಹಾಗೆ ತೆರೆದ ಬಾಗಿಲಿನಿಂದ ಬಂದವಳು ಬೆಸ್ಸಿ ಸ್ಮಿತ್. ಬ್ಲೂಸ್ ಹಾಡಿನ ಸಾಮ್ರಾಜ್ಞಿಯೆಂದು ಅವಳನ್ನು ಕರೆದರು. ಬಡತನ, ಕುಡಿತ, ಕೈಕೊಟ್ಟ ಗಂಡಸು ಇವನ್ನೆಲ್ಲ ಅವಳು ಅಳುಬುರುಕಿಯಾಗಿ ಹಾಡಲಿಲ್ಲ. ನಮ್ಮ ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸು ಅತ್ತೆಯ ಕಾಟವನ್ನು ಹಾಡುತ್ತಾಳಲ್ಲ, ಹಾಗೆ, ನೋವನ್ನೇ ಹಿಡಿದು ತಿರುವಿ ಹಿಟ್ಟು ಮಾಡುವಂತೆ ಹಾಡಿದಳು.

ಆಮೇಲೆ ರೊಸೆಟ್ಟಾ ಥಾರ್ಪ್ ಎಂಬ ಇನ್ನೊಬ್ಬಾಕೆ ದೇವರ ಹಾಡಿಗೆ ವಿದ್ಯುತ್ ಗಿಟಾರನ್ನು ಸೇರಿಸಿದಳು. ರಾಕ್ ಅಂಡ್ ರೋಲ್ ಎಂಬ ಸಂಗೀತದ ನಾಡಿ ಅಲ್ಲಿ ಮಿಡಿಯತೊಡಗಿತ್ತೆಂದು ಈಗ ಬಲ್ಲವರು ಒಪ್ಪುತ್ತಾರೆ. ಅದರ ಗೌರವಮಂದಿರಕ್ಕೆ ಅವಳ ಹೆಸರು ಸೇರಿದ್ದು ಮಾತ್ರ 2018ರಲ್ಲಿ, ಅವಳು ತೀರಿ 45 ವರ್ಷಗಳಾದ ಮೇಲೆ. ‘ಹೌಂಡ್ ಡಾಗ್’ ಎಂಬ ಹಾಡನ್ನು ಎಲ್ವಿಸ್ ಪ್ರೀಸ್ಲಿ 1956ರಲ್ಲಿ ಹಾಡಿ ಲೋಕಪ್ರಸಿದ್ಧನಾದ. ಅದನ್ನು ಅವನಿಗಿಂತ ಮೊದಲು, 1952ರಲ್ಲಿ, ತಟ್ಟೆಗೆ ಹಾಡಿದ್ದವಳು ಬಿಗ್ ಮಾಮಾ ಥಾರ್ನ್‌ಟನ್. ಆ ಹಾಡಿನಿಂದ ತನ್ನ ಕೈ ಸೇರಿದ್ದು 500 ಡಾಲರಿನ ಒಂದೇ ಒಂದು ಚೆಕ್ಕು ಎಂದು ಆಕೆ ಹೇಳಿಕೊಂಡಿದ್ದಳು.

ಇವುಗಳಿಗಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೊಂದಿದೆ. ಬೆಸ್ಸಿ ಸ್ಮಿತ್ 1937ರಲ್ಲಿ ಮೋಟಾರು ಅಪಘಾತದಲ್ಲಿ ಸತ್ತಳು. ಅವಳ ಶವಯಾತ್ರೆಗೆ ಸಾವಿರಾರು ಜನ ಸೇರಿದರು. ಗೋರಿಯ ಮೇಲೆ ಹೆಸರಿನ ಕಲ್ಲನ್ನು ಯಾರೂ ಇಡಲಿಲ್ಲ. 33 ವರ್ಷ ಅದು ಬರಿಯ ಮಣ್ಣಾಗಿಯೇ ಇತ್ತು. 1970ರಲ್ಲಿ ಇಬ್ಬರು ಸೇರಿ ಕಲ್ಲು ಹಾಕಿಸಿದರು. ಒಬ್ಬಳು ಬಿಳಿಯ ಗಾಯಕಿ ಜಾನಿಸ್ ಜಾಪ್ಲಿನ್. ಇನ್ನೊಬ್ಬಳು, ಚಿಕ್ಕವಳಿದ್ದಾಗ ಬೆಸ್ಸಿಯ ಮನೆಯಲ್ಲಿ ಕಸಮುಸುರೆ ಮಾಡಿದ್ದ ಹುವಾನಿಟಾ ಗ್ರೀನ್. ಮೇಮಿ ಸ್ಮಿತ್ ಸತ್ತದ್ದು 1946ರಲ್ಲಿ. ಅವಳ ಗೋರಿಯೂ ಆರು ದಶಕಗಳಿಗೂ ಮೀರಿ ಗುರುತಿಲ್ಲದೆ ಇತ್ತು. ರೊಸೆಟ್ಟಾಳ ಗೋರಿಗೂ ಅದೇ ಗತಿ ಬಂದಿತ್ತು. 2008ರಲ್ಲಿ ಅಭಿಮಾನಿಗಳು ಕಛೇರಿ ನಡೆಸಿ ಹಣ ಕೂಡಿಸಬೇಕಾಯಿತು. ಒಬ್ಬಳಿಗಾದರೆ ಆಕಸ್ಮಿಕವೆನ್ನಬಹುದು. ಮೂವರಿಗೂ ಹಾಗೆಯೇ ಆದರೆ ಅದಕ್ಕೆ ಏನೆನ್ನಬೇಕು?

ಇಷ್ಟನ್ನೆಲ್ಲ ಒಂದು ಲೋಟ ಚಹಾ ಮುಗಿಯುವುದರೊಳಗೆ ತಾಯಿಗೆ ಹೇಳಿದೆನೆಂದರೆ ತಾವು ನಂಬಲಾರಿರಿ. ಅರ್ಧ ಹೇಳಿದೆ, ಅರ್ಧ ಮನಸ್ಸಿನಲ್ಲೇ ಆಡಿಕೊಂಡೆ. ಅವಳು ಸುಮ್ಮನೆ ಕೇಳಿ, “ಕೊಟ್ಟಾಕಿ ಹೆಸರ ಯಾಕ ಬೇಕೋ? ಮಾಧುಕರ್ಯಾಗ ಕೇಳತೇವೇನು?” ಎಂದಳು.

ಮಾತು ಚೆನ್ನಾಗಿತ್ತು. ಉತ್ತರವೂ ನನ್ನಲ್ಲಿ ಸಿದ್ಧವಾಗಿತ್ತು: ಬೇಡಿ ತಂದದ್ದನ್ನು ಅಲ್ಲಿಯೇ ಕುಳಿತು ಉಂಡು ಕೈ ತೊಳೆಯುವವನು ಹೆಸರು ಕೇಳಬೇಕಾಗಿಲ್ಲ, ಬೇಡಿ ತಂದದ್ದನ್ನು ತನ್ನದೆಂದು ಅಂಗಡಿಯಲ್ಲಿಟ್ಟು ಮಾರುವವನು ಕೇಳಲೇಬೇಕು. ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆ. ಏಕೆಂದರೆ ಆ ಚಹಾದ ಅಂಗಡಿಯ ಹಿಂದಣ ಓಣಿ ನನಗೆ ಹೊಸದಾಗಿರಲಿಲ್ಲ.

ಇಪ್ಪತ್ತು ವರ್ಷಗಳಿಗೂ ಹಿಂದೆ, ಎಂ.ಎ. ತರಗತಿಯ ಕಿರುಪ್ರಬಂಧಕ್ಕೆಂದು, ಗೆಳೆಯನ ಟೇಪ್ ರೆಕಾರ್ಡರನ್ನು ಬಗಲಿಗೇರಿಸಿಕೊಂಡು ನಾನು ಅದೇ ಓಣಿಗೆ ಬಂದಿದ್ದೆ. ಭೀಮಾತೀರದ ಹಂತಿ ಹಾಡು, ಬೀಸುವ ಹಾಡು, ಸೋಬಾನೆಗಳನ್ನು ಸಂಗ್ರಹಿಸುವುದು ನನ್ನ ವಿಷಯ. ಇದೇ ಭೀಮೆಯ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಕನ್ನಡಕ್ಕೆ ಕಣ್ಣು ತೆರೆಸಿದ್ದರು. ಅವರ ಹೆಜ್ಜೆಯಲ್ಲಿ ನಾನೂ ಒಂದು ಹೆಜ್ಜೆ ಇಡುತ್ತಿದ್ದೇನೆಂಬ ಹೆಮ್ಮೆ ನನಗಿತ್ತು. ಆ ಓಣಿಯಲ್ಲಿ ಒಬ್ಬ ಮುದುಕಿ ಎರಡು ಮಧ್ಯಾಹ್ನ ನನಗಾಗಿ ಹಾಡಿದಳು. ಹಲ್ಲಿಲ್ಲದ ಬಾಯಿ, ಆದರೆ ದನಿಯಲ್ಲಿ ಎಂಥ ಕಸುವು! ಬೀಸುಕಲ್ಲು ಇಲ್ಲದಿದ್ದರೂ ಅವಳ ಬಲಗೈ ಗಾಳಿಯಲ್ಲಿ ಗೂಟ ಹಿಡಿದು ತಿರುಗುತ್ತಿತ್ತು. ಹೊರಡುವಾಗ ಅವಳೇ ಕೇಳಿದಳು: “ನನ್ನ ಹೆಸರ ಬರಕೊಳ್ಳಂಗಿಲ್ಲೇನು, ತಮ್ಮಾ?”

ಬಸ್ಸಿಗೆ ಹೊತ್ತಾಗಿತ್ತು. “ನಾಳೆ ಬಂದು ಬರಕೊಳ್ತೀನಿ, ಆಯೀ” ಎಂದು ಓಡಿದೆ. ಆ ನಾಳೆ ಬರಲಿಲ್ಲ.

ಪ್ರಬಂಧದ ಪರಿಶಿಷ್ಟದಲ್ಲಿ ಅವಳ 43 ಹಾಡುಗಳಿವೆ. ಪ್ರತಿಯೊಂದರ ಕೆಳಗೂ ‘ಹಾಡಿದವರು: ಗಾಣಗಾಪುರದ ಒಬ್ಬ ವೃದ್ಧೆ’ ಎಂದು ಟೈಪು ಮಾಡಿಸಿದ್ದೇನೆ. ರಟ್ಟಿನ ಮೇಲೆ ‘ಸಂಗ್ರಾಹಕ’ ಎಂದು ನನ್ನ ಹೆಸರು ಬಂಗಾರದ ಅಕ್ಷರಗಳಲ್ಲಿದೆ. ಒಳ್ಳೆಯ ಅಂಕಗಳು ಬಂದುವು. ಆ ಅಂಕಗಳ ಬಲದಿಂದಲೇ ಕೆಲಸವೂ ಬಂತು. ಇನ್ನೂ ಒಂದನ್ನು ಹೇಳಿಬಿಡುತ್ತೇನೆ: ಹಾಡುಗಳನ್ನು ಕಾಗದಕ್ಕೆ ಇಳಿಸಿದ ಮೇಲೆ, ಹೊಸ ಕ್ಯಾಸೆಟ್ಟಿಗೆ ದುಡ್ಡಿಲ್ಲದ ಕಾಲದಲ್ಲಿ, ಅದೇ ಕ್ಯಾಸೆಟ್ಟಿನ ಮೇಲೆ ನನಗಿಷ್ಟವಾದ ಭಾವಗೀತೆಗಳನ್ನು ತುಂಬಿಸಿಕೊಂಡೆ. ಬೆಸ್ಸಿಯ ಗೋರಿಗೆ ಕಲ್ಲಿರಲಿಲ್ಲವೆಂದು ಮರುಗುವ ನಾನು, ಈ ಮುದುಕಿಯ ದನಿಯನ್ನೇ ಹೂತು ಮೇಲೆ ಬೇರೆ ಹಾಡು ಬೆಳೆದುಕೊಂಡವನು. ಬೆಸ್ಸಿಯದಾದರೂ ತಟ್ಟೆಗಳು ಉಳಿದಿವೆ. ತಟ್ಟೆಯ ಮೇಲೆ ಹೆಸರೂ ಉಳಿದಿದೆ.

ಮೂರನೆಯ ಭಿಕ್ಷೆಗೆ ಆ ಓಣಿಗೇ ಹೋದೆ. ಮನೆಗೆ ಬೀಗವಿತ್ತು; ಬೀಗಕ್ಕೆ ತುಕ್ಕು ಹಿಡಿದಿತ್ತು. ಪಕ್ಕದ ಮನೆಯ ಹೆಂಗಸು ಜೋಳಿಗೆಗೆ ರೊಟ್ಟಿ ಹಾಕಿದಳು. ವಿಚಾರಿಸಿದೆ. “ಹಾಡೋ ಆಯಿ ಏನ್ರೀ? ಆಕಿ ತೀರಿಕೊಂಡು ಭಾಳ ವರ್ಷ ಆತು. ಮಕ್ಕಳು ದುಡಿಯಾಕ ಪುಣೆ ಕಡೆ ಹೋದವರು ಬಂದಿಲ್ಲ.”

“ಆಯೀ ಹೆಸರೇನು?”

ಆಕೆ ಒಳಗೆ ತಿರುಗಿ ಅತ್ತೆಯನ್ನು ಕೇಳಿದಳು. ಅತ್ತೆ ಎದುರು ಮನೆಯವರನ್ನು ಕೂಗಿ ಕೇಳಿದಳು. ಎಲ್ಲರಿಗೂ ಅವಳು ಗೊತ್ತು: ಯಾರ ಮದುವೆಯಲ್ಲಿ ಯಾವ ಹಾಡು ಹೇಳಿದಳು, ಯಾರ ಕೂಸಿಗೆ ಯಾವ ಜೋಗುಳ ಹಾಡಿದಳು, ಎಲ್ಲವೂ ಗೊತ್ತು. “ಹಾಡೋ ಆಯಿ ಅಂತನ ಅಂತಿದ್ವಿರೀ” ಎಂದರು. ಹೆಸರು ಯಾರಿಗೂ ನೆನಪಿರಲಿಲ್ಲ. ಅವರನ್ನು ದೂರುವಂತಿರಲಿಲ್ಲ. ಅವರು ಅವಳ ಹಾಡನ್ನು ಕೇಳಿ ಬಾಳಿದವರು, ಮಾರಿಕೊಂಡವರಲ್ಲ. ಬರೆದುಕೊಳ್ಳಬೇಕಾಗಿದ್ದವನು ನಾನು, ಅವಳು ಬಾಯಿ ಬಿಟ್ಟು ಕೇಳಿದ್ದುದೂ ನನ್ನನ್ನೇ.

ಈಗ ನನ್ನ ವಿದ್ಯಾರ್ಥಿಗಳು ಹಾಡು ಸಂಗ್ರಹಿಸಲು ಹೊರಟರೆ, ಮೊದಲು ಹೆಸರು ಬರೆದುಕೊಳ್ಳಿರಿ, ಹಾಡು ಆಮೇಲೆ ಎಂದು ಹೇಳುತ್ತೇನೆ. ಅವರು ನಗುತ್ತಾರೆ. ಮೇಷ್ಟರಿಗೊಂದು ಗೀಳು ಎಂದುಕೊಳ್ಳುತ್ತಾರೇನೋ, ಎಂದುಕೊಳ್ಳಲಿ. ‘ಸಲಗ’ದ ಹಾಡು ಎಲ್ಲಿ ಕೇಳಿದರೂ ಪಕ್ಕದಲ್ಲಿದ್ದವರಿಗೆ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಎಂದು ಹೇಳದೆ ಬಿಡುವುದಿಲ್ಲ. ಇದರಿಂದ ಹಳೆಯ ಸಾಲ ತೀರುವುದಿಲ್ಲವೆಂಬುದನ್ನು ಬಲ್ಲೆ.

ಅಂದು ಐದು ಮನೆ ಮುಗಿಸಿ, ಮರದ ನೆರಳಿನಲ್ಲಿ ತಾಯಿಯೂ ನಾನೂ ಉಣ್ಣಲು ಕುಳಿತೆವು. ಜೋಳಿಗೆಯಲ್ಲಿ ರೊಟ್ಟಿ, ಅನ್ನ, ಪಲ್ಯ ಎಲ್ಲವೂ ಕಲಸಿಹೋಗಿತ್ತು. ತಾಯಿ ರೊಟ್ಟಿಯ ಚೂರೊಂದನ್ನು ಬಾಯಿಗಿಟ್ಟು, “ಭಾಳ ಚಲೋ ಆಗೇದಲ್ಲೋ, ಇದು ಯಾರ ಮನೀದು?” ಎಂದು ಕೇಳಿದಳು.

ನನಗೆ ಹೇಳಲಾಗಲಿಲ್ಲ.